ಕಾಮಾಲೆ ರೋಗಿಯ ಎಸ್‌ಜಿಪಿಟಿ ಕೇವಲ 17: ದೋಷ ಎಲ್ಲಿದೆ?

ಸಕಲೇಶಪುರದ ತಂತ್ರಜ್ಞ:
ನಮ್ಮ ಸಣ್ಣ ಲ್ಯಾಬಿನಲ್ಲಿ ಸೆಮಿ-ಆಟೋ ಅನಲೈಸರ್ ಇದೆ. ನಿನ್ನೆ ಕಾಫಿ ತೋಟದ ಕಾರ್ಮಿಕರೊಬ್ಬರ ರಕ್ತ ಬಂದಿತ್ತು. ಅರಿಶಿನ ಕದಡಿದಂತಿದ್ದ ಆ ಸೀರಮ್‌ನಲ್ಲಿ ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವರ್ಣದ್ರವ್ಯ) 9.4 ಬಂದಿತು, ಯಕೃತ್ತಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಕಿಣ್ವವಾದ ಎಸ್‌ಜಿಪಿಟಿ ಮಾತ್ರ 17 ಯೂನಿಟ್, ಅಂದರೆ ಆರೋಗ್ಯವಂತರಲ್ಲಿ ಇರುವಷ್ಟೇ. ಮತ್ತೆ ಹಾಕಿದರೂ ಅಷ್ಟೇ. ಕಂಟ್ರೋಲ್ (ಮೌಲ್ಯ ಮೊದಲೇ ಗೊತ್ತಿರುವ ಮಾದರಿ) ಮಿತಿಯೊಳಗಿದೆ, ರೀಏಜೆಂಟಿನ (ಪರೀಕ್ಷೆಯ ರಾಸಾಯನಿಕ ದ್ರವದ) ಅವಧಿಯೂ ಮುಗಿದಿಲ್ಲ. ಈ ವರದಿಯನ್ನು ಕೊಡಲು ನನಗೆ ಮನಸ್ಸು ಬರುತ್ತಿಲ್ಲ. ದಯವಿಟ್ಟು ತಿಳಿಸಿ.

ಹಾಸನದಿಂದ:
ಮಳೆಗಾಲದಲ್ಲಿ ನಿಮ್ಮ ಕಡೆ ವೋಲ್ಟೇಜ್ ಏರಿಳಿತ ಹೆಚ್ಚು. ಫ್ಲೋ ಸೆಲ್ (ಯಂತ್ರದಲ್ಲಿ ದ್ರವವನ್ನು ಅಳೆಯುವ ಕೋಶ) 37 ಡಿಗ್ರಿಗೆ ಬಂದಿದೆಯೇ ನೋಡಿ, ಸರ್.

ಚಿಕ್ಕಮಗಳೂರಿನಿಂದ:
ಉಷ್ಣತೆ ಕಡಿಮೆಯಿದ್ದರೆ ಕಂಟ್ರೋಲೂ ಕೆಳಗೆ ಬರಬೇಕಿತ್ತು. ಅಂತಿಮ ಫಲಿತಾಂಶವನ್ನು ಬಿಟ್ಟು, ನಿಮಿಷ ನಿಮಿಷದ ಅಬ್ಸಾರ್ಬೆನ್ಸ್ (ದ್ರವ ಬೆಳಕನ್ನು ಹೀರುವ ಪ್ರಮಾಣ) ಎಷ್ಟೆಂದು ತಿಳಿಸುವಿರಾ?

ಸಕಲೇಶಪುರದ ತಂತ್ರಜ್ಞ:
ಬರಿಯ ರೀಏಜೆಂಟ್ 1.40. ಸೀರಮ್ ಹಾಕಿ 60 ಸೆಕೆಂಡ್ ಬಿಟ್ಟ ಮೇಲೆ 0.22, 0.21, 0.20, 0.19.

ಚಿಕ್ಕಮಗಳೂರಿನಿಂದ:
ಉತ್ತರ ಆ 0.22ರಲ್ಲೇ ಇದೆ. ಎಸ್‌ಜಿಪಿಟಿ ಎಂಬುದು ವರ್ಗೀಕರಣದಲ್ಲಿ 2.6.1.2 ಸಂಖ್ಯೆಯ, ಅಮೈನೋ ಗುಂಪನ್ನು ವರ್ಗಾಯಿಸುವ ಕಿಣ್ವ. ಅದು ಅಲನಿನ್‌ನಿಂದ ಉಂಟುಮಾಡುವ ಪೈರುವೇಟನ್ನು ನಾವು ನೇರವಾಗಿ ಅಳೆಯುವುದಿಲ್ಲ, ರೀಏಜೆಂಟಿನಲ್ಲಿರುವ ಎಲ್‌ಡಿಎಚ್ ಎಂಬ ಇನ್ನೊಂದು ಕಿಣ್ವ ಅದನ್ನು ಲ್ಯಾಕ್ಟೇಟ್ ಮಾಡುವಾಗ ಖರ್ಚಾಗುವ ಎನ್‌ಎಡಿಎಚ್ ಎಂಬ ಸಹಕಿಣ್ವ 340 ನ್ಯಾನೋಮೀಟರ್ ಬೆಳಕಿನಲ್ಲಿ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಅಳೆಯುತ್ತೇವೆ. ವೇಗವು ಕಿಣ್ವದ ಪ್ರಮಾಣವನ್ನಷ್ಟೇ ಅವಲಂಬಿಸಬೇಕಾದರೆ ಉಳಿದದ್ದೆಲ್ಲ ಧಾರಾಳವಾಗಿರಬೇಕು. ನಿಮ್ಮ ರೋಗಿಯಲ್ಲಿ ಕಿಣ್ವ ಎಷ್ಟಿದೆಯೆಂದರೆ, ಯಂತ್ರ ಕಾಯುತ್ತಿದ್ದ ಆ 60 ಸೆಕೆಂಡಿನೊಳಗೇ ಎನ್‌ಎಡಿಎಚ್ ಬಹುತೇಕ ಬರಿದಾಗಿದೆ. ಯಂತ್ರ ಅಳೆದದ್ದು ಊಟ ಮುಗಿದ ಮೇಲಿನ ಖಾಲಿ ಎಲೆಯನ್ನು. ಕಂಟ್ರೋಲಿನಲ್ಲಿ ಇಂಥ ಕೊರತೆ ಬಾರದ್ದರಿಂದ ಅದು ಸರಿಯಾಗಿಯೇ ಇತ್ತು.

100 ಮೈಕ್ರೋಲೀಟರ್ ಸೀರಮಿಗೆ 900 ಸಲೈನ್ ಬೆರೆಸಿ ಮತ್ತೆ ಹಾಕಿ, ಬಂದದ್ದನ್ನು 10ರಿಂದ ಗುಣಿಸಿ. ಮೊದಲ ರೀಡಿಂಗ್ 0.8ಕ್ಕಿಂತ ಕೆಳಗಿದ್ದರೆ ಎಚ್ಚರಿಸುವಂತೆ ಟೆಸ್ಟ್ ಸೆಟ್ಟಿಂಗಿನಲ್ಲಿ ಮಿತಿ ಹಾಕಿಡಿ. ಎಷ್ಟೋ ಕಡೆ ಆ ಜಾಗ ಸೊನ್ನೆಯಾಗಿಯೇ ಉಳಿದಿರುತ್ತದೆ. ಎಸ್‌ಜಿಒಟಿ ಎಂಬ ಇನ್ನೊಂದು ಕಿಣ್ವದ ಪರೀಕ್ಷೆಗೂ ಇದೇ ತೊಂದರೆಯಿದೆ.

ಸಕಲೇಶಪುರದ ತಂತ್ರಜ್ಞ:
ಧನ್ಯವಾದಗಳು, ಮೇಡಂ. ಡೈಲ್ಯೂಟ್ ಮಾಡಿದಾಗ ನಿಮಿಷಕ್ಕೆ 0.149 ಇಳಿಯಿತು, ನಮ್ಮ ಕಿಟ್ಟಿನ ಫ್ಯಾಕ್ಟರ್ (ಆ ಇಳಿಕೆಯನ್ನು ಯೂನಿಟ್‌ಗೆ ತರುವ ಗುಣಕ) 1746, ಅಂದರೆ 260, ಹತ್ತರಿಂದ ಗುಣಿಸಿದರೆ ಸುಮಾರು 2600 ಯೂನಿಟ್. ಮಿತಿಯ ಜಾಗದಲ್ಲಿ ನಮ್ಮಲ್ಲೂ ಸೊನ್ನೆಯೇ ಇತ್ತು. ಈ ತಿಂಗಳ ರಿಜಿಸ್ಟರ್ ತಿರುವಿದಾಗ ಬಿಲಿರುಬಿನ್ ಏರಿಯೂ ಎಸ್‌ಜಿಪಿಟಿ 30ರೊಳಗಿದ್ದ ಇನ್ನೊಬ್ಬರು ಸಿಕ್ಕಿದ್ದಾರೆ. ಅವರ ಸೀರಮ್ ಫ್ರಿಜ್ಜಿನಲ್ಲಿ ಉಳಿದಿಲ್ಲ. ಅವರ ವೈದ್ಯರಿಗೆ ಫೋನ್ ಮಾಡಿ, ಖರ್ಚಿಲ್ಲದೆ ಮತ್ತೆ ರಕ್ತ ತೆಗೆಯುವುದಾಗಿ ಹೇಳಿದ್ದೇನೆ.