ಹಳೇ ಷೆವರ್ಲೆ ಕೆ10ಗೆ 4 ಇಂಚು ಲಿಫ್ಟ್, ಆದ್ರೆ ಮೆತ್ತಗೆ ಓಡ್ಬೇಕು – ಯಾವ ಸ್ಪ್ರಿಂಗ್ ಹಾಕ್ಲಿ?

ಚೌಕಮೂತಿ79:
ಎಲ್ರಿಗೂ ನಮಸ್ಕಾರ. ನಂದು 1979ರ ಕೆ10 ಪಿಕಪ್, ಶಾರ್ಟ್ ಬೆಡ್, 350 ಇಂಜಿನ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಅಂದ್ರೆ ಪ್ಲೇಟ್ ಮೇಲೆ ಪ್ಲೇಟ್ ಜೋಡಿಸಿರೋ ಕಮಾನು. 33 ಇಂಚಿನ ಟೈರ್ ಕೂರಿಸ್ಬೇಕು ಅಂತ ಆಸೆ, ಅದಕ್ಕೆ 4 ಇಂಚು ಲಿಫ್ಟ್ (ಗಾಡಿ ಎತ್ತರ ಏರಿಸೋದು) ಬೇಕಾಗುತ್ತೆ ಅಂತ ಗೊತ್ತಾಯ್ತು, ಅದೇನೋ ಸರಿ, ಆದ್ರೆ ಲಿಫ್ಟ್ ಆಗಿರೋ ಇದೇ ಕಾಲದ ಗಾಡಿ ಒಂದೆರಡರಲ್ಲಿ ಕೂತು ನೋಡ್ದೆ, ಸಣ್ಣ ಗುಂಡಿ ಸಿಕ್ಕಿದ್ರೂ ನೇರ ಸೊಂಟಕ್ಕೇ ಏಟು. ನಾನು ಲೋಡ್ ಹಾಕಲ್ಲ, ಟ್ರೇಲರ್ ಎಳೆಯಲ್ಲ, ರಜಾ ದಿನ ಹೈವೇ, ಆಮೇಲೆ ಒಂದಿಷ್ಟು ಮಣ್ಣು ರೋಡು, ಅಷ್ಟೇ.

ಈಗ ಮೂರು ದಾರಿ ಕಾಣ್ತಿದೆ. ಒಂದು, ಮುಂದೆ ಸ್ಪ್ರಿಂಗು ಹಿಂದೆ ಬ್ಲಾಕು (ಆಕ್ಸಲ್ಲಿಗೂ ಸ್ಪ್ರಿಂಗಿಗೂ ಮಧ್ಯೆ ಇಡೋ ತುಂಡು) ಇರೋ ಕಿಟ್. ಎರಡು, ನಾಲ್ಕೂ ಹೊಸ ಸ್ಪ್ರಿಂಗ್. ಮೂರು, ಇರೋದಕ್ಕೇ ಒಂದೊಂದು ಎಕ್ಸ್‌ಟ್ರಾ ಪ್ಲೇಟ್ ಸೇರಿಸೋದು. ಇನ್ನೊಂದು ಡೌಟು: ಒಂದು ಸ್ಪ್ರಿಂಗಲ್ಲಿ 5 ಪ್ಲೇಟ್ ಇದೆ, ಇನ್ನೊಂದರಲ್ಲಿ 10. ಕಮ್ಮಿ ಪ್ಲೇಟ್ ಇರೋದೇ ಮೆತ್ತಗಿರುತ್ತೆ ಅಲ್ವಾ?

ಮೇನ್‌ಪ್ಲೇಟ್:
ಅಲ್ಲ ಗುರು, ಎಲ್ರೂ ಅಲ್ಲೇ ಎಡವೋದು. ಪ್ಲೇಟ್ ಎಷ್ಟಿದೆ ಅನ್ನೋದಕ್ಕಿಂತ ಒಂದೊಂದು ಎಷ್ಟು ದಪ್ಪ ಇದೆ ಅಂತ ನೋಡು. ಬಿಗಿ ಅನ್ನೋದು ಪ್ಲೇಟಿನ ಸಂಖ್ಯೆಗೆ ನೇರವಾಗಿ ಏರುತ್ತೆ, ಆದ್ರೆ ದಪ್ಪಕ್ಕೆ ಘನದ ಲೆಕ್ಕದಲ್ಲಿ ಏರುತ್ತೆ. 8 ಮಿಮೀ ದಪ್ಪದ 5 ಪ್ಲೇಟ್ ತಗೋ, 8ರ ಘನ 512, ಇಂಟು 5 ಅಂದ್ರೆ 2560. 6 ಮಿಮೀ ದಪ್ಪದ 10 ಪ್ಲೇಟ್ ತಗೋ, 216 ಇಂಟು 10, 2160. ಅಗಲ ಉದ್ದ ಎಲ್ಲ ಒಂದೇ ಅಂದ್ಕೊಂಡ್ರೆ ಹತ್ತು ಪ್ಲೇಟಿಂದೇ ಮೆತ್ತಗೆ! ಮಜಾ ಏನಂದ್ರೆ ಭಾರ ತಡೆಯೋ ಶಕ್ತಿ ದಪ್ಪದ ವರ್ಗಕ್ಕೆ ತಕ್ಕಂಗೆ ಹೋಗುತ್ತೆ, ಅದರಲ್ಲಿ 320ಕ್ಕೆ 360, ಅಲ್ಲೂ ತೆಳು ಪ್ಲೇಟಿಂದೇ ಮೇಲುಗೈ. ಒಂದೇ ತೊಂದರೆ, ಪ್ಲೇಟ್ ಜಾಸ್ತಿ ಆದಷ್ಟೂ ಒಂದಕ್ಕೊಂದು ಉಜ್ಜೋ ಜಾಗ ಜಾಸ್ತಿ, ಅದಕ್ಕೇ ಒಳ್ಳೇ ಸ್ಪ್ರಿಂಗಲ್ಲಿ ತುದಿ ತೆಳ್ಳಗೆ ಮಾಡಿ ಮಧ್ಯೆ ಪ್ಲಾಸ್ಟಿಕ್ ಪ್ಯಾಡ್ ಕೊಟ್ಟಿರ್ತಾರೆ. ತಗೊಳೋವಾಗ ಆ ಪ್ಯಾಡ್ ಇದೆಯಾ ನೋಡು.

ಇನ್ನು ಲಿಫ್ಟ್ ಮಾಡಿದ್ರೆ ಗಟ್ಟಿಯಾಗ್ಲೇಬೇಕು ಅಂತ ಏನೂ ಇಲ್ಲ. ಎತ್ತರ ಬರೋದು ಕಮಾನಿನ ಬಾಗುವಿಕೆಯಿಂದ, ಮೆತ್ತಗಿರೋದು ಬಿಡೋದು ಸ್ಪ್ರಿಂಗ್ ರೇಟಿಂದ (ಒಂದು ಇಂಚು ಕುಗ್ಗಿಸೋಕೆ ಎಷ್ಟು ಪೌಂಡ್ ಭಾರ ಬೇಕು ಅನ್ನೋದು, ಬೆಲೆ ಅಲ್ಲ). ಒಂದು ಸ್ಪ್ರಿಂಗ್ ಮೇಲೆ 1000 ಪೌಂಡ್ ಕೂತಿದೆ ಅಂತಿಟ್ಕೋ. ಇಂಚಿಗೆ 500 ಪೌಂಡ್ ರೇಟಾದ್ರೆ 2 ಇಂಚು ಕುಗ್ಗುತ್ತೆ, ಗಾಡಿ ಸೆಕೆಂಡಿಗೆ ಸುಮಾರು 2.2 ಸಲ ಕುಣಿಯುತ್ತೆ. 250 ಆದ್ರೆ 4 ಇಂಚು ಕುಗ್ಗುತ್ತೆ, ಸುಮಾರು 1.6 ಸಲ. ಈ ಎರಡನೇದು ಮೈಗೆ ಹಿತ. ಆದ್ರೆ 4 ಇಂಚು ಕುಗ್ಗಿದ ಮೇಲೂ 4 ಇಂಚು ಲಿಫ್ಟ್ ಉಳೀಬೇಕು ಅಂದ್ರೆ ಸ್ಪ್ರಿಂಗನ್ನ ಇನ್ನೂ ಜಾಸ್ತಿ ಬಾಗಿಸಿ ಮಾಡ್ಬೇಕು, ಅದು ದಿನ ಕಳೆದಂಗೆ ಕೂತ್ಕೊಳೋ ಭಯ ಬೇರೆ, ಅದಕ್ಕೆ ಅಗ್ಗದ ಕಿಟ್‌ಗಳಲ್ಲಿ ಸುಮ್ನೆ ದಪ್ಪ ಪ್ಲೇಟ್ ಹಾಕಿ ಕೈ ತೊಳ್ಕೊಳ್ತಾರೆ. ಅಂಗಡಿಯವ್ರನ್ನ ಸ್ಪ್ರಿಂಗ್ ರೇಟ್ ಎಷ್ಟು ಅಂತ ಕೇಳು, ಹೇಳೋಕೆ ಆಗ್ಲಿಲ್ಲ ಅಂದ್ರೆ ಮುಂದಿನ ಅಂಗಡಿಗೆ ನಡಿ.

ಎಕ್ಸ್‌ಟ್ರಾ ಪ್ಲೇಟ್ ಐಡಿಯಾ ಬಿಟ್ಬಿಡು. ಅದು ಎತ್ತೋದೇ ಬಿಗಿ ಜಾಸ್ತಿ ಮಾಡಿ.

ಶ್ಯಾಕಲ್_ಶಾಸ್ತ್ರಿ:
ಮೇಲೆ ಹೇಳಿದ್ದಕ್ಕೆಲ್ಲ ನಂದೂ ಓಟು. ಆದ್ರೆ ನಾಲ್ಕೂ ಹೊಸ ಸ್ಪ್ರಿಂಗ್ ಯಾಕೆ ಸ್ವಾಮಿ? ಹಿಂದಿನ 52 ಇಂಚಿನ ಸ್ಪ್ರಿಂಗ್ ಕಂಪನಿಯದ್ದೇ ಇನ್ನೂ ಚೆನ್ನಾಗಿದ್ರೆ ಅದನ್ನ ಮುಟ್ಲೇಬೇಡಿ, ಶ್ಯಾಕಲ್ (ಸ್ಪ್ರಿಂಗಿನ ತುದಿನ ಫ್ರೇಮಿಗೆ ಸೇರಿಸೋ, ಅಲ್ಲಾಡೋ ಕೊಂಡಿ) ಫ್ಲಿಪ್ ಮಾಡಿ. ಈ ಗಾಡಿಯಲ್ಲಿ ಹಿಂದಿನ ಶ್ಯಾಕಲ್ ಫ್ರೇಮಿನ ಬ್ರಾಕೆಟ್ಟಿಂದ ಮೇಲ್ಮುಖವಾಗಿ ಕೂತಿರುತ್ತೆ, ಸ್ಪ್ರಿಂಗಿನ ಕಣ್ಣು (ತುದಿಯ ಸುರುಳಿ ತೂತು) ಮೇಲೆ, ಫ್ರೇಮಿನ ಪಿನ್ನು ಕೆಳಗೆ. ಅದನ್ನ ತಿರುಗಿಸಿ ಕೆಳಕ್ಕೆ ನೇತಾಡೋ ಹಂಗೆ ಮಾಡಿದ್ರೆ ಸುಮಾರು 4 ಇಂಚು ಸಿಗುತ್ತೆ. (ಕಣ್ಣು ಎಷ್ಟು ಇಳಿಯುತ್ತೋ ಅದರ ಅರ್ಧ ಮಾತ್ರ ಆಕ್ಸಲ್ ಹತ್ರ ಎತ್ತರ ಆಗೋದು, ಬ್ರಾಕೆಟ್ ನೋಡಿ ಇಷ್ಟುದ್ದ ಯಾಕಪ್ಪಾ ಅಂತ ಗಾಬರಿ ಆಗ್ಬೇಡಿ.) ಸ್ಪ್ರಿಂಗ್ ಹಳೇದೇ, ರೇಟೂ ಹಳೇದೇ, ಮೆತ್ತಗೆ ಹಂಗೇ ಉಳಿಯುತ್ತೆ. ಪಿನಿಯನ್ (ಆಕ್ಸಲ್ಲಿಗೆ ಡ್ರೈವ್ ಶಾಫ್ಟ್ ಸೇರೋ ಮೂತಿ) ಸ್ವಲ್ಪ ಮೇಲಕ್ಕೆ ತಿರುಗುತ್ತೆ, ಡ್ರೈವ್ ಶಾಫ್ಟ್ ಕೀಲಿನ, ಅಂದ್ರೆ ಯು-ಜಾಯಿಂಟ್ ಕೋನ ಅಳೆದು ನೋಡಿ, ಬೇಕಿದ್ರೆ ಡಿಗ್ರಿ ಶಿಮ್ (ಕೋನ ಸರಿಪಡಿಸೋ ಓರೆ ಪಟ್ಟಿ) ಕೊಡಿ. ಬ್ಲಾಕ್ ಹಾಕಿದ್ರೂ ರೈಡ್ ಕೆಡಲ್ಲ, ನಿಜ, ಆದ್ರೆ ಎತ್ತರದ ಬ್ಲಾಕು ಅಂದ್ರೆ ಆಕ್ಸಿಲರೇಟರ್ ಒತ್ತಿದಾಗ ಆಕ್ಸಲ್ ತಿರುಚಿ ಕಮಾನು ಎಸ್ ಆಕಾರಕ್ಕೆ ಬರೋ ಚಾನ್ಸ್ ಜಾಸ್ತಿ. ಮುಂದಿನ ಆಕ್ಸಲ್‌ಗಂತೂ ಬ್ಲಾಕ್ ಅನ್ನೋ ಮಾತೇ ಎತ್ತಬೇಡಿ. ಬ್ರೇಕ್ ಹಾಕಿದಾಗ ಜಾಸ್ತಿ ಹೊಡ್ತ ತಿನ್ನೋದೇ ಮುಂದಿಂದು, ಸ್ಟಿಯರಿಂಗೂ ಅಲ್ಲೇ, ಅಲ್ಲಿ ಬ್ಲಾಕ್ ಜಾರಿದ್ರೆ ಕಥೆ ಮುಗೀತು.

ಹಾಗಾಗಿ ನಿಮ್ಮ ದುಡ್ಡೆಲ್ಲ ಮುಂದಿನ ಎರಡು ಸ್ಪ್ರಿಂಗ್ ಮೇಲೆ ಹಾಕಿ. ರೆಡಿಮೇಡ್ ಬೇಕು ಅಂದ್ರೆ ಸ್ಕೈಜ್ಯಾಕರ್ ಸಾಫ್ಟ್‌ರೈಡ್, ಟಫ್ ಕಂಟ್ರಿ ಇಝಡ್-ರೈಡ್ ಇವೆಲ್ಲ ಮೆತ್ತಗಿನ ಸಾಲಿಗೆ ಸೇರೋವು. ದುಡ್ಡಿದ್ರೆ ಡೀವರ್, ಆಲ್ಕನ್ ಥರದವ್ರು ಗಾಡಿ ತೂಕ ಕೇಳಿ ಅಳತೆಗೆ ಮಾಡಿಕೊಡ್ತಾರೆ. ಆರ್ಡರ್ ಮಾಡೋ ಮುಂಚೆ ಮುಂದೆ ವಿಂಚ್ (ಸಿಕ್ಕಾಕೊಂಡ ಗಾಡಿ ಎಳೆಯೋ ಹಗ್ಗದ ಯಂತ್ರ), ಕಬ್ಬಿಣದ ಬಂಪರ್ ಹಾಕೋ ಪ್ಲಾನ್ ಇದೆಯಾ ಅಂತ ಈಗ್ಲೇ ಡಿಸೈಡ್ ಮಾಡಿ, ಅವೆರಡು ಬಂದ್ರೆ ಲೆಕ್ಕ ಪೂರ್ತಿ ಬೇರೆ.

ಕೂಡ್ಲೇ ನೋಡ್ಬೇಕಾದ್ದು ಶ್ಯಾಕಲ್ ಕೋನ. ಮುಂದಿನ ಸ್ಪ್ರಿಂಗಿಗೆ ಶ್ಯಾಕಲ್ ಇರೋದು ಹಿಂಭಾಗದ ತುದಿಲಿ. ಜಾಸ್ತಿ ಬಾಗಿರೋ ಸ್ಪ್ರಿಂಗ್ ಕಣ್ಣಿಂದ ಕಣ್ಣಿಗೆ ಗಿಡ್ಡ ಆಗಿಬಿಡುತ್ತೆ, ಶ್ಯಾಕಲಿನ ಕೆಳತುದಿ ಮುಂದಕ್ಕೆ ಎಳ್ಕೊಂಡು ನಿಲ್ಲುತ್ತೆ. ಆಗ ಗುಂಡಿ ಬಂದಾಗ ಸ್ಪ್ರಿಂಗ್ ಉದ್ದ ಆಗೋಕೆ ಹೊರಟ್ರೆ ಶ್ಯಾಕಲ್ ಮೊದ್ಲು ಕೆಳಕ್ಕೆ ಇಳಿದು ಆಮೇಲೆ ಹಿಂದಕ್ಕೆ ಹೋಗ್ಬೇಕು, ಅಂದ್ರೆ ಫ್ರೇಮನ್ನೇ ಮೇಲಕ್ಕೆ ತಳ್ಳುತ್ತೆ. ಎಷ್ಟೇ ಮೆತ್ತಗಿನ ಸ್ಪ್ರಿಂಗ್ ತಂದ್ರೂ ಹೊಡೆಯೋದು ಅದಕ್ಕೇ. ಗಾಡಿ ನೆಲದ ಮೇಲೆ ನಿಂತಾಗ ಕೆಳತುದಿ ಸ್ವಲ್ಪ ಹಿಂದಕ್ಕೆ ವಾಲಿರ್ಬೇಕು, ಇಲ್ಲಾಂದ್ರೆ ಉದ್ದದ ಶ್ಯಾಕಲ್ಲೋ ಬ್ರಾಕೆಟ್ ಸರಿಸೋದೋ ಏನೋ ಒಂದು ಮಾಡ್ಬೇಕಾಗುತ್ತೆ.

ಗ್ರೀಸ್_ಡಬ್ಬಿ:
ಎಲ್ಲರೂ ಸ್ಪ್ರಿಂಗ್ ಸ್ಪ್ರಿಂಗ್ ಅಂತಿದೀರಾ, ಮೊದಲು ಈಗ ಗಾಡಿ ಹೆಂಗೆ ಹೊಡೀತಿದೆ ಅಂತ ಹೇಳಿ ಅಣ್ಣಾ. ಸಣ್ಣ ಸಣ್ಣ ಕಿತ್ತೋಗಿರೋ ಡಾಂಬರಿಗೂ ಸೊಂಟಕ್ಕೆ ಏಟು, ಆದ್ರೆ ದೊಡ್ಡ ಹಳ್ಳದಲ್ಲಿ ಪರವಾಗಿಲ್ಲ ಅಂದ್ರೆ ರೇಟ್ ತಪ್ಪಲ್ಲ ಅದು, ಉಜ್ಜಾಟದ ತಪ್ಪು. ತುಕ್ಕು ಹಿಡಿದ ಪ್ಲೇಟು ಒಂದಕ್ಕೊಂದು ಅಂಟ್ಕೊಂಡು ಸಣ್ಣ ಏಟಿಗೆ ಅಲ್ಲಾಡೋದೇ ಇಲ್ಲ, ಟೈರೊಂದೇ ಸ್ಪ್ರಿಂಗ್ ಕೆಲಸ ಮಾಡ್ತಿರುತ್ತೆ. ಬಿಚ್ಚಿ, ತಿಕ್ಕಿ, ಪ್ಯಾಡ್ ಹಾಕಿ ಜೋಡಿಸಿದ್ರೆ ಹಳೇ ಕಮಾನೇ ಬೇರೆ ಥರ ಓಡುತ್ತೆ. ದೊಡ್ಡ ಹಳ್ಳದಲ್ಲಿ ಧಡ್ ಅಂತ ಬಂಪ್ ಸ್ಟಾಪಿಗೆ (ಆಕ್ಸಲ್ ಮೇಲಕ್ಕೆ ಬಂದಾಗ ತಡೆಯೋ ರಬ್ಬರ್ ತುಂಡು) ಬಡಿಯುತ್ತೆ ಅಂದ್ರೆ ಆಗ ಸ್ಪ್ರಿಂಗ್ ಮಾತು.

ಟೈರ್ ಗಾಳಿನೂ ನೋಡಿ. 33ರಲ್ಲಿ ಲೋಡ್ ರೇಂಜ್ ಇ (ಜಾಸ್ತಿ ಭಾರ ಹೊರೋ ಗಟ್ಟಿ) ಟೈರ್ ಹಾಕಿ ಅದರ ಮೇಲೆ ಬರೆದಿರೋ ಗರಿಷ್ಠ 80 ಪಿಎಸ್‌ಐ ಹತ್ರ ತುಂಬಿಸಿದ್ರೆ ಮರದ ಚಕ್ರ ಹಾಕ್ಕೊಂಡಂಗೇ. ಖಾಲಿ ಓಡೋ ಅರ್ಧ ಟನ್ ವರ್ಗದ ಗಾಡಿಗೆ ಅಷ್ಟು ಯಾಕೆ, ತೂಕಕ್ಕೆ ತಕ್ಕ ಗಾಳಿ ಎಷ್ಟು ಅಂತ ಟೈರಿನ ಲೋಡ್ ಟೇಬಲ್ ನೋಡಿ, ತುಂಬಾ ಕಮ್ಮಿಗೇ ಬರುತ್ತೆ. ಶಾಕ್ ಅಬ್ಸಾರ್ಬರೂ ಅಷ್ಟೇ, ಜಾಸ್ತಿ ಪ್ರೆಶರಿನ ಗ್ಯಾಸ್ ಮೊನೊಟ್ಯೂಬ್ ಹಾಕಿ ಆಮೇಲೆ ಸ್ಪ್ರಿಂಗನ್ನ ಬೈಬೇಡಿ.

ಚೌಕಮೂತಿ79:
ಇಷ್ಟು ವಿವರ ಸಿಗುತ್ತೆ ಅಂದ್ಕೊಂಡಿರ್ಲಿಲ್ಲ, ಥ್ಯಾಂಕ್ಸ್. ಕೆಳಗೆ ಮಲಗಿ ನೋಡ್ದೆ. ಹಿಂದಿನ ಪ್ಲೇಟ್ ಪರವಾಗಿಲ್ಲ, ಬಾಗುವಿಕೆ ಇನ್ನೂ ಇದೆ. ಮುಂದಿಂದು ಮಟ್ಟಸ ಆಗಿಹೋಗಿದೆ, ಪ್ಲೇಟ್ ಮಧ್ಯೆ ತುಕ್ಕು ಪದರ ಪದರವಾಗಿ ಉಬ್ಬಿದೆ, ಸ್ಪ್ರಿಂಗ್ ಕಣ್ಣೊಳಗಿನ ಬುಶ್ ರಬ್ಬರ್ ಒಂದು ಕಡೆ ಹಿಂಡ್ಕೊಂಡು ಹೊರಗೆ ಬಂದಿದೆ. ಗ್ರೀಸ್_ಡಬ್ಬಿ ಹೇಳಿದ್ದೇ, ಸಣ್ಣ ಏಟೇ ಜಾಸ್ತಿ. ಹಾಗಾದ್ರೆ ಹಿಂದೆ ಫ್ಲಿಪ್, ಮುಂದೆ ಮೆತ್ತಗಿನ 4 ಇಂಚು. ವಿಂಚ್ ಬೇಡ. ಒಬ್ರು ಹಿಂದಿನ 52 ಇಂಚಿನ ಸ್ಪ್ರಿಂಗನ್ನೇ ಮುಂದೆ ಹಾಕು ಅಂದ್ರು, ಅದು ಹೆಂಗೆ?

ಮೇನ್‌ಪ್ಲೇಟ್:
ಒಳ್ಳೇ ಪ್ರಯೋಗನೇ. ಮುಂದಿನ ಕಂಪನಿ ಸ್ಪ್ರಿಂಗ್ ಸುಮಾರು 47 ಇಂಚು, ಎರಡೂ ಎರಡೂವರೆ ಇಂಚು ಅಗಲ, ಉದ್ದದ್ದೂ ಘನದ ಲೆಕ್ಕನೇ ಆದ್ರೆ ಉಲ್ಟಾ: 47ರಿಂದ 52ಕ್ಕೆ ಹೋದ್ರೆ ಅದೇ ಪ್ಲೇಟಿಗೆ ಬಿಗಿ ಸುಮಾರು ಕಾಲು ಭಾಗ ಇಳಿಯುತ್ತೆ. ಆದ್ರೆ ಫ್ರೇಮಿನ ರಿವೆಟ್ ಕತ್ತರಿಸಿ ಸ್ಪ್ರಿಂಗ್ ಹಿಡಿಯೋ ಹ್ಯಾಂಗರ್ ಬ್ರಾಕೆಟ್ ಸರಿಸ್ಬೇಕು. ಕಟ್ಟರ್ ಹಿಡಿಯೋಕೆ ಮನಸ್ಸಿದ್ರೆ ಮಾಡು, ರಜಾ ದಿನದ ಗಾಡಿಗೆ ಅಷ್ಟೆಲ್ಲ ಬೇಕಾ ಅಂತ ನನ್ನ ಪ್ರಶ್ನೆ.

ಶ್ಯಾಕಲ್_ಶಾಸ್ತ್ರಿ:
ಬೇಡ ಅಂತೀನಿ ನಾನು. ಆ ದುಡ್ಡಲ್ಲಿ ಸ್ಟಿಯರಿಂಗ್ ಸರಿ ಮಾಡ್ಕೊಳಿ. 4 ಇಂಚು ಎತ್ತಿದ್ಮೇಲೆ ಎಡಗಡೆ ನಕಲ್ (ಮುಂದಿನ ಚಕ್ರ ತಿರುಗಿಸೋ ಕೀಲು) ಮೇಲಿನ ಸ್ಟಿಯರಿಂಗ್ ಆರ್ಮ್ ಎತ್ತರದ್ದು ಹಾಕ್ಬೇಕು, ಇಲ್ಲಾಂದ್ರೆ ಸ್ಟಿಯರಿಂಗ್ ಬಾಕ್ಸಿಂದ ಅಲ್ಲಿಗೆ ಬರೋ ಡ್ರ್ಯಾಗ್ ಲಿಂಕ್ ಸರಳು ಓರೆ ಆಗಿ ಒಂದೊಂದು ಗುಂಡಿಗೂ ಗಾಡಿ ಪಕ್ಕಕ್ಕೆ ಎಳೆಯುತ್ತೆ. ಬ್ರೇಕ್ ಹೋಸ್ ಉದ್ದದ್ದು ತಗೊಳಿ, ಚಕ್ರ ಪೂರ್ತಿ ಇಳಿಬಿಟ್ಟು ಎಳೀತಿದೆಯಾ ನೋಡಿ. ಸ್ಪ್ರಿಂಗನ್ನ ಆಕ್ಸಲ್ಲಿಗೆ ಬಿಗಿಯೋ ಹಳೇ ಯು ಬೋಲ್ಟ್ ವಾಪಸ್ ಹಾಕ್ಬೇಡಿ, ಹೊಸದೇ ಹಾಕಿ, ಸ್ವಲ್ಪ ಓಡಿಸಿದ್ಮೇಲೆ ಮತ್ತೆ ಟಾರ್ಕ್ ಚೆಕ್ ಮಾಡಿ. ರಬ್ಬರ್ ಬುಶ್ ಆದ್ರೆ ಕಣ್ಣಿನ ಬೋಲ್ಟುಗಳನ್ನ ಗಾಡಿ ಜಾಕ್ ಮೇಲಿದ್ದಾಗ ಟೈಟ್ ಮಾಡ್ಬೇಡಿ, ಚಕ್ರ ನೆಲಕ್ಕಿಳಿದು ಪೂರ್ತಿ ಭಾರ ಬಿದ್ದ ಮೇಲೇ ಕೊನೇ ಟೈಟು. ಮೇಲಿದ್ದಾಗಲೇ ಬಿಗಿದ್ರೆ ರಬ್ಬರ್ ತಿರುಚಿಕೊಂಡೇ ಕೂತಿರುತ್ತೆ, ರೈಡೂ ಗಟ್ಟಿ, ಬುಶ್ಶೂ ಬೇಗ ಹರಿಯುತ್ತೆ.

ಚೌಕಮೂತಿ79:
ಸರಿ, ಹಾಗಾದ್ರೆ ರಬ್ಬರ್ ಬುಶ್ಶೇ ಹಾಕ್ತೀನಿ, ಪಾಲಿಯುರೆಥೇನ್ ಬೇಡ. ಇವತ್ತೇ ಅಂಗಡಿಗೆ ಫೋನ್ ಮಾಡಿ ಸ್ಪ್ರಿಂಗ್ ರೇಟ್ ಕೇಳ್ತೀನಿ, ಪ್ಲೇಟ್ ದಪ್ಪನೂ ಕೇಳ್ತೀನಿ.