ಕೂಲೆಂಟ್ ಕುಡ್ದ್‌ಬಿಟ್ಟವ್ನೆ, ಕಣ್ಣು ಹೋಗುತ್ತಾ? ಅರ್ಜೆಂಟ್

ಸಕ್ಕರೆಸೀಮೆ88: ಮಂಡ್ಯ ಗುತ್ತಲು ರೋಡಲ್ಲಿ ನಮ್ ಭಾವನ ಗ್ಯಾರೇಜು. ಮಧ್ಯಾಹ್ನ ಕೆಲ್ಸದ ಹುಡ್ಗ ಬಿಸ್ಲಲ್ಲಿ ಬಂದೋನು ಬೆಂಚ್ ಮೇಲಿದ್ದ ನೀರಿನ ಬಾಟ್ಲಿ ಎತ್ತಿ ಮೂರ್ನಾಲ್ಕು ಗುಟುಕು ಇಳಿಸ್ಬಿಟ್ಟ, ಅದು ರೇಡಿಯೇಟರ್‌ಗೆ ಹಾಕೋ ಹಸಿರು ಕೂಲೆಂಟು, ಸಿಹಿಯಾಗಿತ್ತು, ಜ್ಯೂಸ್ ಅನ್ಕಂಡೆ ಅಂತಾನೆ. ಮೂರ್ ಗಂಟೆ ಆಯ್ತು, ಎಣ್ಣೆ ಹೊಡ್ದೋರ ಥರ ತೂರಾಡ್ತಾ ನಗಾಡ್ತಾವ್ನೆ. ಪಕ್ಕದ ಟೈರ್ ಅಂಗ್ಡಿಯೋರು ಕಣ್ ಹೋಯ್ತದೆ ಅಂತ ಹೆದ್ರಿಸ್ತಾವ್ರೆ ಆದ್ರೆ ಬೆರಳು ತೋರ್ಸಿದ್ರೆ ಸರಿಯಾಗೇ ಎಣಿಸ್ತಾನೆ. ಮಜ್ಜಿಗೆ ಕುಡ್ಸಿ ಮಲಗಿಸಿದ್ರೆ ಸಾಕಾ?

ಡಯಾಲಿಸಿಸ್_ಮೈಸೂರು: ಸಾಕಾಗಲ್ಲ. ಮೊದ್ಲು 108ಕ್ಕೆ ಫೋನ್ ಮಾಡಿ, ಇಲ್ಲಾ ಸೀದಾ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಕರ್ಕೊಂಡೋಗಿ, ಆಮೇಲೆ ಇದನ್ನ ಓದಿ. ವಾಂತಿ ಮಾಡಿಸ್ಬೇಡಿ. ಕೂಲೆಂಟ್ ಡಬ್ಬ ಜೊತೇಲೇ ಇರ್ಲಿ, ಲೇಬಲ್ ಡಾಕ್ಟ್ರಿಗೆ ಬೇಕು.
ಕಣ್ಣಿನ ಮಾತು ಮೆಥನಾಲ್ ಅನ್ನೋ ಬೇರೆ ವಿಷದ್ದು. ಅದು ಲಿವರಲ್ಲಿ ಫಾರ್ಮಿಕ್ ಆಸಿಡ್ ಆಗಿ ಕಣ್ಣಿನ ನರಕ್ಕೇ ಹೊಡೆಯುತ್ತೆ, ಮಂಜು ಕವಿದಂಗೆ ಎಲ್ಲಾ ಬೆಳ್ಳಗೆ ಕಾಣುತ್ತೆ ಅಂತಾರೆ. 1981ರಲ್ಲಿ ಬೆಂಗಳೂರಲ್ಲಿ 300ಕ್ಕೂ ಹೆಚ್ಚು ಜನ ಸತ್ತ ಕಳ್ಳಭಟ್ಟೀಲಿ ಇದ್ದಿದ್ದೂ ಅದೇ. ಕೂಲೆಂಟಲ್ಲಿ ಸಾಮಾನ್ಯವಾಗಿ ಇರೋದು ಎಥಿಲೀನ್ ಗ್ಲೈಕಾಲ್, ಅದರ ಗುರಿ ಕಿಡ್ನಿ. ಆಕ್ಸಲೇಟ್ ಹರಳಾಗಿ ಕಿಡ್ನೀಲಿ ಕೂರುತ್ತೆ, ಒಂದೆರಡು ದಿನದಲ್ಲಿ ಉಚ್ಚೆ ಕಮ್ಮಿ ಆಗೋವರ್ಗೂ ಮನೆಯೋರಿಗೆ ಗೊತ್ತೇ ಆಗಲ್ಲ. ಅದಕ್ಕೇ ಬೆರಳು ಎಣಿಸ್ದ ಅಂತ ಸುಮ್ನಾಗ್ಬೇಡಿ, ಮೆಥನಾಲಲ್ಲೂ ಕಣ್ಣು ಮಂಜಾಗೋಕೆ ಅರ್ಧ ದಿನ ಒಂದಿನ ಹಿಡಿಯುತ್ತೆ.

ಹಳೇ_ಲಾರಿ: ನಮ್ ಕಾಲ್ದಲ್ಲಿ ಉಪ್ಪುನೀರು ಕುಡ್ಸಿ ಕಕ್ಕಿಸ್ತಿದ್ವಿ ಏನೂ ಆಯ್ತಿರ್ಲಿಲ್ಲ. ಇದಕ್ಕೆ ಆಸ್ಪತ್ರೇಲಿ ಬ್ರಾಂದಿ ಕೊಡ್ತಾರಂತಲ್ಲ, ನಿಜವಾ? ಹಂಗಾದ್ರೆ ಮನೇಲೇ ಒಂದ್ ಕ್ವಾರ್ಟರ್...

ಡಯಾಲಿಸಿಸ್_ಮೈಸೂರು: ಅಣ್ಣ ದಯವಿಟ್ಟು ಬೇಡ 🙏 ಎಥನಾಲ್, ಅಂದ್ರೆ ಬ್ರಾಂದೀಲಿರೋ ಆಲ್ಕೋಹಾಲ್, ಕೊಡೋದು ನಿಜ. ಬಸ್ಸಲ್ಲಿ ಟವೆಲ್ ಹಾಕಿ ಸೀಟ್ ಹಿಡ್ದಂಗೆ ಅದು ಲಿವರಿನ ಎಂಜೈಮಲ್ಲಿ ಮೊದ್ಲು ಕೂತ್ಕೊಳುತ್ತೆ, ಕುಡಿದ ಕೂಲೆಂಟು ವಿಷವಾಗಿ ಬದಲಾಗೋಕೆ ಅಲ್ಲಿ ಜಾಗ ಸಿಗಲ್ಲ, ಅಷ್ಟೊತ್ತಿಗೆ ಡಯಾಲಿಸಿಸ್ ಮಾಡಿ ತೆಗೀತಾರೆ. ಫೋಮೆಪಿಜೋಲ್ ಅಂತ ಔಷಧಿ ಮಾಡೋದೂ ಅದನ್ನೇ. ಆದ್ರೆ ಅಳತೆ ಅವರ ಕೈಲಿರ್ಬೇಕು, ನಮ್ ಕ್ವಾರ್ಟರ್ ಲೆಕ್ಕ ಅಲ್ಲ.

ಸಕ್ಕರೆಸೀಮೆ88: ಅಪ್‌ಡೇಟ್. ಅಡ್ಮಿಟ್ ಆಗವ್ನೆ. ರಕ್ತದಲ್ಲಿ ಆಸಿಡ್ ಜಾಸ್ತಿ ಆಗದೆ, ಉಚ್ಚೇಲಿ ಹರಳು ಸಿಕ್ತು ಅಂದ್ರು, ರಾತ್ರಿನೇ ಡಯಾಲಿಸಿಸ್. ಕಣ್ ಡಾಕ್ಟ್ರೂ ನೋಡಿದ್ರು, ಸದ್ಯಕ್ಕೆ ಸರಿ ಇದೆ ಅಂದ್ರು. ನಗ್ತಿದ್ದೋನು ಸಾಯಂಕಾಲದ ಹೊತ್ಗೆ ಓಡಿ ಬಂದೋನ ಥರ ಏದುಸಿರು ಬಿಡ್ತಿದ್ದ, ಮಲಗಿಸಿದ್ರೆ ಅಷ್ಟೇ ಇತ್ತು ಕಥೆ. ಭಾವ ಮಾತೇ ಆಡ್ತಿಲ್ಲ, ಗ್ಯಾರೇಜಲ್ಲಿ ಟಾರ್ಚ್ ಇಟ್ಕಂಡು ಆಯಿಲ್, ಆಸಿಡ್ ತುಂಬಿಟ್ಟಿರೋ ನೀರಿನ ಬಾಟ್ಲಿ ಹುಡುಕ್ತಾ ಕೂತವ್ನೆ, ಆಗ್ಲೇ ಹದಿನಾಲ್ಕು ಸಿಕ್ಕವೆ.