ದತ್ತು ಕೊಡುವ ನಾಯಿಗೆ ದುಡ್ಡು ತೆಗೆದುಕೊಳ್ಳಬೇಕಾ, ಬೇಡ್ವಾ?

ಸುರತ್ಕಲ್‌ನಿಂದ ಪ್ರಶ್ನೆ:
ನಾವು ಐದಾರು ಮಂದಿ ಸೇರಿ ಒಂದು ಸಣ್ಣ ಶೆಲ್ಟರ್ ನಡೆಸುತ್ತಿದ್ದೇವೆ. ನಾಯಿ, ಬೆಕ್ಕು ಎರಡೂ ಉಂಟು. ದತ್ತು ಶುಲ್ಕ ಅಂತ ಒಂದು ಮರಿಗೆ 800 ರೂಪಾಯಿ ಇಟ್ಟಿದ್ದೇವೆ. ಲಸಿಕೆ, ಹುಳದ ಮದ್ದಿನ ಖರ್ಚೇ ಅದಕ್ಕಿಂತ ಜಾಸ್ತಿ. ಈಗ ಜಾಗ ಪೂರ್ತಿ ತುಂಬಿದೆ. ಮೀನು ಮಾರ್ಕೆಟಿನ ಹಿಂದೆ ಗೋಣಿಚೀಲದಲ್ಲಿ ಮರಿ ಬಿಟ್ಟು ಹೋಗುವವರು ನಿಂತಿಲ್ಲ. ಮುಂದಿನ ದತ್ತು ಕ್ಯಾಂಪಿನಲ್ಲಿ ಶುಲ್ಕ ಬಿಟ್ಟುಬಿಡೋಣ ಎಂದು ನಮ್ಮಲ್ಲೇ ಕೆಲವರು ಹೇಳುತ್ತಾರೆ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ, ನಾಲ್ಕು ದಿನ ಆಡಿಸಿ ಮತ್ತೆ ಬೀದಿಗೇ ಬಿಡುತ್ತಾರೆ ಎಂದು ಇನ್ನು ಕೆಲವರು. ಎರಡೂ ಮಾಡಿ ನೋಡಿದವರಿದ್ದರೆ ದಯವಿಟ್ಟು ಹೇಳಿ.

ಕಾರ್ಕಳದಿಂದ:
ನಾನು ಕೊಟ್ಟವನಲ್ಲ, ತಂದವನು. ನಮ್ಮ ಮನೆಯ ನಾಯಿಗೆ ಒಂದು ರೂಪಾಯಿಯೂ ಕೊಟ್ಟಿಲ್ಲ. ಅದು ಈಗ ಅಡುಗೆಮನೆಯ ಬಾಗಿಲಲ್ಲೇ ಮಲಗುತ್ತದೆ, ಬೂತಾಯಿ ಮೀನು ತಂದ ದಿನ ಅಮ್ಮನನ್ನು ಬಿಟ್ಟು ಕದಲುವುದಿಲ್ಲ. ಪಕ್ಕದ ಮನೆಯವರು ರಾಟ್‌ವೀಲರ್ ಮರಿಗೆ ಸಾವಿರಗಟ್ಟಲೆ ಸುರಿದರು. ಅದು ಹಗಲಿಡೀ ಗೂಡಿನಲ್ಲಿ. ರಾತ್ರಿ ಗೇಟ್ ಹಾಕಿದ ಮೇಲೆ ಬಿಡುವುದು, ಬೆಳಗ್ಗೆ ಮತ್ತೆ ಒಳಗೆ. ದುಡ್ಡು ಕೊಟ್ಟರೆ ಪ್ರೀತಿ ಬರುತ್ತದೆ ಎನ್ನುವುದನ್ನು ನಾನಂತೂ ನಂಬುವುದಿಲ್ಲ.

ತೋಟದವರು ಬಂದರೆ ಒಂದು ಪ್ರಶ್ನೆ ಕೇಳಿ: ನಾಯಿ ರಾತ್ರಿ ಎಲ್ಲಿ ಮಲಗುತ್ತದೆ? ಮಂಗ ಓಡಿಸಲು ನಾಯಿ ಬೇಕು ಎನ್ನುತ್ತಾರೆ, ಸರಿ. ನಮ್ಮ ಕಡೆ ಚಿರತೆ ಬರುವುದೂ ಉಂಟು. ಅಂಗಳದ ತೆಂಗಿನ ಮರಕ್ಕೆ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಊಟ.

ಉಡುಪಿಯಿಂದ:
ಕ್ಯಾಂಪ್ ಮಾಡಿ ಮಾಡಿ ಸಾಕಾದವಳು ನಾನು. ನಾವು ಎರಡೂ ಮಾಡಿ ನೋಡಿದ್ದೇವೆ. ಶುಲ್ಕ ಇಲ್ಲ ಎಂದ ದಿನ ಜನ ಜಾಸ್ತಿ ಬಂದದ್ದು ನಿಜ. ಆದರೆ ಮೊದಲ ಪ್ರಶ್ನೆ ಶುಲ್ಕ ಇದ್ದಾಗಲೂ ಅದೇ, ಇಲ್ಲದಾಗಲೂ ಅದೇ. "ಗಂಡು ಮರಿ ಉಂಟಾ?" ಬುಟ್ಟಿಗೆ ಕೈ ಹಾಕುವುದು, ಮರಿಯನ್ನು ಮಗುಚಿ ನೋಡುವುದು, ಹೆಣ್ಣಾದರೆ ಬಾಯಿಮಾತಿಗೆ "ಚಂದ ಉಂಟು" ಎಂದು ಹೇಳಿ ಕೆಳಗಿಡುವುದು. ಸಂಜೆ ಬುಟ್ಟಿಯಲ್ಲಿ ಉಳಿಯುವುದು ಹೆಚ್ಚಾಗಿ ಹೆಣ್ಣುಮರಿಗಳೇ. ಅವರಿಗೆ ಹೆದರಿಕೆ ನಿಮ್ಮ 800 ರೂಪಾಯಿಯದ್ದಲ್ಲ. ಬೆದೆಗೆ ಬಂದಾಗ ಗೇಟಿನ ಹತ್ತಿರ ಸೇರುವ ಗಂಡುನಾಯಿಗಳದ್ದು, ಆಮೇಲೆ ಹುಟ್ಟುವ ಮರಿಗಳದ್ದು.

ಶುಲ್ಕ ತೆಗೆಯಿರಿ ಎನ್ನುವವರು ಅಮೆರಿಕದ ಒಂದು ಅಧ್ಯಯನ ತೋರಿಸುತ್ತಾರೆ. 2009ರಲ್ಲಿ ಪ್ರಕಟವಾದದ್ದು. ದುಡ್ಡು ಕೊಟ್ಟು ಬೆಕ್ಕು ತಂದವರಿಗೂ ಪುಕ್ಕಟೆ ತಂದವರಿಗೂ ಅದರ ಮೇಲಿನ ಮಮತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎನ್ನುತ್ತದೆ. ನಾನು ಅದನ್ನು ಒಪ್ಪುತ್ತೇನೆ. ಆದರೆ ಅದು ದೊಡ್ಡ ಬೆಕ್ಕುಗಳ ಲೆಕ್ಕ. ಅಲ್ಲಿ ಶೆಲ್ಟರ್‌ನಿಂದ ಹೊರಡುವ ಮೊದಲೇ ಸಾಮಾನ್ಯವಾಗಿ ಸಂತಾನಹರಣ ಆಪರೇಷನ್ ಆಗಿರುತ್ತದೆ. ನಾವು ಕೊಡುವುದು ಎರಡು ತಿಂಗಳ ಮರಿ. ಅದಕ್ಕೆ ರೇಬೀಸ್ ಲಸಿಕೆ ಹಾಕುವುದೇ ಮೂರು ತಿಂಗಳಾದ ಮೇಲೆ. ಸಂತಾನಹರಣ ಸುಮಾರು ಆರು ತಿಂಗಳಿಗೆ. ಅಂದರೆ ಮುಖ್ಯ ಕೆಲಸವೆಲ್ಲ ಬಾಕಿ ಇರುವಾಗಲೇ ಮರಿ ನಮ್ಮ ಕೈ ಬಿಟ್ಟಿರುತ್ತದೆ.

ಹಾಗಾಗಿ ನಾವು ಶುಲ್ಕ ತೆಗೆದು ಠೇವಣಿ ಇಟ್ಟೆವು. 1,500 ರೂಪಾಯಿ. ಆಪರೇಷನ್ ಆದ ಚೀಟಿ ತೋರಿಸಿದರೆ ಪೂರ್ತಿ ವಾಪಸ್. ಹೆಣ್ಣುಮರಿಯಾದರೆ ಆಪರೇಷನ್ ನಮ್ಮ ಖರ್ಚಿನಲ್ಲೇ, ಠೇವಣಿಯೂ ವಾಪಸ್. ಇದರಿಂದ ಒಂದು ಉಪಕಾರ ಆಯಿತು. ಜನ ಫೋನ್ ಎತ್ತುತ್ತಾರೆ! ಶುಲ್ಕ ಕೊಟ್ಟು ಹೋದವರು ಎತ್ತುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ವ್ಯವಹಾರ ಮುಗಿದಿತ್ತಲ್ಲ. ಹೋದರೆ ಹೋಗಲಿ ಎಂದು ಠೇವಣಿ ಬಿಟ್ಟವರೂ ಇದ್ದಾರೆ. ಅಂಥವರ ಮನೆಗೆ ನಾವೇ ಹೋಗುತ್ತೇವೆ. ಸುಮ್ನೆ ಗೇಟಿನ ಹೊರಗೆ ನಿಂತು ಮಾತಾಡಿಸಿದರೂ ಸಾಕು, ನಾಯಿ ಹೇಗಿದೆ ಎಂದು ಗೊತ್ತಾಗುತ್ತದೆ.

ಬಿಜೈಯಿಂದ:
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಶುಲ್ಕ ಇರಲಿ. ಅದು ಶೆಲ್ಟರ್‌ಗೆ ಬೇಕು ಅಂತಲ್ಲ, ಚೌಕಾಸಿ ಮಾಡುವವರು ಯಾರು ಎಂದು ಗೊತ್ತಾಗುತ್ತದೆ. "ಬೀದಿನಾಯಿಗೆ ಎಂತದು ಮಾರಾಯ್ರೇ 800?" ಎಂದವರು ಮರಿಗೆ ಪಾರ್ವೊ ವೈರಸ್‌ನ ರಕ್ತಭೇದಿ ಬಂದರೆ ಡ್ರಿಪ್ ಹಾಕಿಸುತ್ತಾರಾ?

ಪಾರ್ವೊ ಎಂದಾಗ ನೆನಪಾಯಿತು. ಹಿಂದೆ ಸಾಕಿದ ನಾಯಿ ಹೇಗೆ ಸತ್ತಿತು ಎಂದು ಕೇಳಲೇಬೇಕು. ರಕ್ತಭೇದಿಯಿಂದ ಸತ್ತ ಮರಿಯಿದ್ದ ಅಂಗಳದ ಮಣ್ಣಿನಲ್ಲಿ ಆ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಥ ಮನೆಗೆ ಲಸಿಕೆ ಪೂರ್ತಿಯಾದ ನಾಯಿಯನ್ನೇ ಕೊಡಿ. ಮರಿಗೆ ಆರರಿಂದ ಎಂಟು ವಾರದಲ್ಲಿ ಮೊದಲ ಲಸಿಕೆ, ಆಮೇಲೆ ಮೂರು–ನಾಲ್ಕು ವಾರಕ್ಕೊಂದು, ಹದಿನಾರು ವಾರದವರೆಗೆ. ಪುಕ್ಕಟೆ ಕ್ಯಾಂಪಿನ ಗುಂಪಿನಲ್ಲಿ ಹತ್ತಾರು ಕೈಗಳು ಮರಿ ಮುಟ್ಟುವುದೂ ಒಳ್ಳೆಯದಲ್ಲ.

ಮಣಿಪಾಲದಿಂದ:
ನಮ್ಮ ಕಡೆಯ ಬೆಕ್ಕುಗಳ ಬಗ್ಗೆ ಯಾರೂ ಹೇಳಲಿಲ್ಲ. ಇಲ್ಲಿ ಓದಲು ಬಂದ ಮಕ್ಕಳು ಬಾಡಿಗೆ ರೂಮಿನಲ್ಲಿ ಮರಿ ಸಾಕುತ್ತಾರೆ. ಪ್ರೀತಿ ಬೇಕಾದಷ್ಟು, ದುಡ್ಡಿಗೂ ತೊಂದರೆ ಇಲ್ಲ. ಕೋರ್ಸ್ ಮುಗಿಯುತ್ತದೆ, ಬೆಕ್ಕು ಮೆಟ್ಟಿಲ ಕೆಳಗೆ ಉಳಿಯುತ್ತದೆ. ಇದಕ್ಕೆ ಶುಲ್ಕ ಯಾವ ಔಷಧ? ಊರಿನ ಮನೆಯವರ ಹತ್ತಿರ ಒಮ್ಮೆ ಮಾತಾಡಿ, ಬೆಕ್ಕನ್ನು ಕರೆತಂದರೆ ಒಪ್ಪುತ್ತೀರಾ ಎಂದು ಕೇಳಿ. ನಾವು ಹಾಗೆ ಮಾಡುತ್ತೇವೆ. ಅಮ್ಮಂದಿರು ಸುಳ್ಳು ಹೇಳುವುದಿಲ್ಲ.

ಕದ್ರಿಯಿಂದ:
ದತ್ತು ಫಾರ್ಮಿನಲ್ಲಿ ಎರಡು ಸಾಲು ಸೇರಿಸಿ. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ, ಒಂದು ಪ್ಲೇಟ್ ಗೋಳಿಬಜೆ, ಚಾ ಕುಡಿದರೆ ಮುಗಿಯಿತು. ಆದರೂ ಬರೆಯಿರಿ. ಇನ್ನೊಂದು, 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶ. ಬೀದಿನಾಯಿ ದತ್ತು ಬೇಕಾದವರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಬಹುದು, ಆದರೆ ಆ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರದೇ ಜವಾಬ್ದಾರಿ ಎಂದು ಅದರಲ್ಲಿ ಹೇಳಿದೆ. ಸಹಿ ಹಾಕುವ ಮೊದಲು ಜನ ಇದನ್ನು ಓದಿ ಒಂದು ಕ್ಷಣ ನಿಲ್ಲುತ್ತಾರೆ. ಅಷ್ಟಾದರೂ ಆಗಲಿ.

ಸುರತ್ಕಲ್‌ನಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಠೇವಣಿ ವಿಷಯ ನಮಗೆ ಹೊಳೆದಿರಲಿಲ್ಲ. ಉಡುಪಿಯ ಅಕ್ಕಾ, ಒಂದು ಕೇಳಬೇಕಿತ್ತು. ನಮ್ಮಲ್ಲಿ ವಯಸ್ಸಾದ ನಾಯಿಗಳೂ ಇವೆ. ಒಂದಕ್ಕೆ ಮೂರೇ ಕಾಲು. ಎಲ್ಲದಕ್ಕೂ ಆಪರೇಷನ್ ಆಗಿದೆ. ಅವಕ್ಕೂ ಠೇವಣಿ ಇಡಬೇಕಾ?

ಉಡುಪಿಯಿಂದ:
ಬೇಡ. ಅವನ್ನು ಪುಕ್ಕಟೆ ಕೊಡಿ, ಮೇಲಿಂದ ಒಂದು ತಿಂಗಳ ಉಣ್ಣಿ ಮಾತ್ರೆಯನ್ನೂ ಕೊಡಿ. ಮೂರು ಕಾಲಿನ ನಾಯಿ ಬೇಕು ಎಂದು ಬರುವವರು ಯೋಚಿಸಿಯೇ ಬಂದಿರುತ್ತಾರೆ. ರೇಬೀಸ್ ಲಸಿಕೆಯ ತಾರೀಕು ಮಾತ್ರ ಪುಸ್ತಕದಲ್ಲಿ ಬರೆದುಕೊಡಿ, ವರ್ಷಕ್ಕೊಮ್ಮೆ ಬೇಕಲ್ಲ. ಸೆಪ್ಟೆಂಬರ್ 28ರ ರೇಬೀಸ್ ದಿನದ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಕ್ಯಾಂಪ್ ನಡೆಯುತ್ತದೆ, ಅದನ್ನೂ ಹೇಳಿಬಿಡಿ.

ಮತ್ತೆ ಠೇವಣಿ ದುಡ್ಡನ್ನು ಬೇರೆಯೇ ಖಾತೆಯಲ್ಲಿಡಿ ಆಯ್ತಾ. ಅಕ್ಕಿ ಮುಗಿದ ದಿನ ಅದಕ್ಕೇ ಕೈ ಹೋಗುವುದು. ಆರು ತಿಂಗಳಾದ ಮೇಲೆ ಒಬ್ಬರು ಚೀಟಿ ಹಿಡಿದು ಬಂದಾಗ "ನಾಳೆ ಬನ್ನಿ" ಎಂದರೆ, ಮುಂದಿನ ಕ್ಯಾಂಪಿಗೆ ಆ ಬೀದಿಯಿಂದ ಒಬ್ಬರೂ ಬರುವುದಿಲ್ಲ.